ಇವಿ ರೀಕಾಲ್: ಚಾರ್ಜಿಂಗ್, ಬ್ಯಾಟರಿ, ಪವರ್ ಪಾರ್ಟ್ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಿಕ್ ಕಾರು, ಸ್ಕೂಟರ್ ಇಟ್ಕೊಂಡಿರೋರು ರೀಕಾಲ್ ಸುದ್ದಿ ಬಂದಾಗ್ಲೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಕೆಲವರು ಗಾಬರಿಯಾಗಿ ಗಾಡಿ ಮಾರ್ಬಿಡೋ ಯೋಚನೆ ಮಾಡ್ತಾರೆ, ಇನ್ನು ಕೆಲವರು ಮೆಸೇಜ್ ಡಿಲೀಟ್ ಮಾಡಿ ಸುಮ್ನಾಗ್ತಾರೆ, ಎರಡೂ ಬೇಡ. ಒಂದೊಂದಾಗಿ ನೋಡೋಣ.

ರೀಕಾಲ್ ಅಂದ್ರೆ ಕಂಪನಿಯವ್ರು ಗಾಡಿ ವಾಪಸ್ ತಗೊಂಡು ದುಡ್ಡು ಕೊಡ್ತಾರಾ?

ಸಾಮಾನ್ಯವಾಗಿ ಇಲ್ಲ. ಇಂಥ ತಾರೀಕಿನಿಂದ ಇಂಥ ತಾರೀಕಿನ ತನಕ ತಯಾರಾದ ಗಾಡಿಗಳಲ್ಲಿ ಸೇಫ್ಟಿಗೆ ಸಂಬಂಧಪಟ್ಟ ದೋಷ ಇದೆ ಅಂತ ಗೊತ್ತಾದಾಗ, ಅಷ್ಟೂ ಗಾಡಿಗಳನ್ನ ಸರ್ವಿಸ್ ಸೆಂಟರ್‌ಗೆ ಕರೆಸಿ ಚೆಕ್ ಮಾಡಿ, ಸಾಫ್ಟ್‌ವೇರ್ ಹಾಕೋದೋ ಪಾರ್ಟ್ ಬದಲಾಯ್ಸೋದೋ ಮಾಡಿ ವಾಪಸ್ ಕೊಡ್ತಾರೆ. ಗಾಡೀನೇ ವಾಪಸ್ ತಗೊಂಡಿರೋದು ಅಪರೂಪ, ಆದ್ರೆ ಇಲ್ವೇ ಇಲ್ಲ ಅಂತಲ್ಲ. ಅಮೆರಿಕಾದಲ್ಲಿ 2019ರ ಮಾಡೆಲ್ ಜಾಗ್ವಾರ್ ಐ-ಪೇಸ್ 2,760 ಗಾಡಿಗಳಿಗೆ ಬ್ಯಾಟರಿ ಬೆಂಕಿಯ ಭಯದಿಂದ ರೀಕಾಲ್ ಮಾಡಿ, ಮೊದಲು ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲೋ ಹಾಗೆ ಮಾಡಿದ್ರು, ಕೊನೆಗೆ ಓನರ್‌ಗಳ ಹತ್ರ ಗಾಡಿಗಳನ್ನೇ ವಾಪಸ್ ಕೊಂಡ್ಕೊಳ್ಳೋಕೆ ಕಂಪನಿ ಒಪ್ಕೊಳ್ತು.

ಚಾರ್ಜಿಂಗ್ ಕಡೆ, ಪವರ್ ಕಡೆ ಅಂದ್ರೆ ಯಾವ್ಯಾವ ಪಾರ್ಟು?

ಕರೆಂಟು ಹೋಗೋ ದಾರಿ ಹಿಡ್ಕೊಂಡು ಹೋದ್ರೆ ಸುಲಭವಾಗಿ ಅರ್ಥ ಆಗುತ್ತೆ. ಗೋಡೆಯಿಂದ ಬರೋದು ಎಸಿ ಕರೆಂಟು. ಅದು ಕೇಬಲ್ಲು, ಗಾಡಿಯ ಚಾರ್ಜಿಂಗ್ ಪೋರ್ಟು ದಾಟಿ ಆನ್‌ಬೋರ್ಡ್ ಚಾರ್ಜರ್‌ಗೆ ಬರುತ್ತೆ, ಅಲ್ಲಿ ಡಿಸಿ ಆಗುತ್ತೆ, ಯಾಕಂದ್ರೆ ಬ್ಯಾಟರಿಗೆ ಬೇಕಾಗಿರೋದು ಡಿಸಿನೇ. ಫಾಸ್ಟ್ ಚಾರ್ಜರ್‌ಗೆ ಹಾಕಿದ್ರೆ ಈ ಆನ್‌ಬೋರ್ಡ್ ಚಾರ್ಜರ್‌ನ ಬಿಟ್ಟು ಡಿಸಿ ನೇರವಾಗಿ ಬ್ಯಾಟರಿ ಕಡೆ ಹೋಗುತ್ತೆ. ಬ್ಯಾಟರಿ ಬಾಗಿಲಲ್ಲಿ ಕಾಂಟ್ಯಾಕ್ಟರ್ ಅಂತ ದೊಡ್ಡ ಸ್ವಿಚ್ಚುಗಳಿರ್ತವೆ, ಏನಾದ್ರೂ ಎಡವಟ್ಟಾದ್ರೆ ಬ್ಯಾಟರೀನ ಮಿಕ್ಕ ಗಾಡಿಯಿಂದ ಕಡಿದು ಬೇರೆ ಮಾಡೋದು ಇವೇ. ಅಲ್ಲಿಂದ ಇನ್ವರ್ಟರ್ ಡಿಸಿನ ಮತ್ತೆ ಎಸಿ ಮಾಡಿ ಮೋಟರ್‌ಗೆ ಕೊಡುತ್ತೆ. ಇನ್ನೊಂದು ಕವಲಿನಲ್ಲಿ ಡಿಸಿ-ಡಿಸಿ ಕನ್ವರ್ಟರ್ ಅಂತ ಇದೆ, ಅದು ದೊಡ್ಡ ಬ್ಯಾಟರಿಯ ನೂರಾರು ವೋಲ್ಟನ್ನ ಇಳಿಸಿ 12 ವೋಲ್ಟ್ ಬ್ಯಾಟರಿಯನ್ನ ಚಾರ್ಜ್ ಮಾಡ್ತಾ ಇರುತ್ತೆ. ಇಷ್ಟಕ್ಕೆಲ್ಲ ಮೇಲ್ವಿಚಾರಣೆ ಮಾಡೋದು ಬಿಎಂಎಸ್, ಅಂದ್ರೆ ಬ್ಯಾಟರಿ ನೋಡ್ಕೊಳ್ಳೋ ಕಂಪ್ಯೂಟರು.

ಈ ದಾರಿಯ ಪ್ರತಿಯೊಂದು ಪಾರ್ಟ್‌ಗೂ ಎಲ್ಲೋ ಒಂದ್ಕಡೆ ರೀಕಾಲ್ ಆಗಿದೆ. ಆದ್ರೆ ಎಲ್ಲದರ ಅಪಾಯ ಒಂದೇ ಥರ ಅಲ್ಲ, ಇದನ್ನ ಮನಸ್ಸಲ್ಲಿಟ್ಕೊಳ್ಳಿ. ಬ್ಯಾಟರಿ ಒಳಗೆ ಜೋಡಿಸಿರೋ ಚಿಕ್ಕ ಚಿಕ್ಕ ಸೆಲ್‌ಗಳಲ್ಲಿ ದೋಷ ಆದ್ರೆ ಬೆಂಕಿಯ ಭಯ. ಕನ್ವರ್ಟರ್, ಇನ್ವರ್ಟರ್, ಕಾಂಟ್ಯಾಕ್ಟರ್ ಕೆಟ್ಟರೆ ಹೆಚ್ಚಾಗಿ ಗಾಡಿ ಓಡ್ತಾ ಇದ್ದಾಗ್ಲೇ ಶಕ್ತಿ ಹೋಗೋ ಭಯ. ಕೇಬಲ್, ಅಡಾಪ್ಟರ್, ಪೋರ್ಟ್ ಆದ್ರೆ ಕಾದು ಕರಗೋ ಭಯ.

ಐಸಿಸಿಯು ರೀಕಾಲ್ ಅಂತ ತುಂಬಾ ಕೇಳ್ತಾ ಇದೀವಿ, ಏನದು?

ಇದನ್ನ ಸ್ವಲ್ಪ ವಿವರವಾಗೇ ಹೇಳ್ಬೇಕು. ಹ್ಯುಂಡೈ, ಕಿಯಾ, ಜೆನೆಸಿಸ್ ಗಾಡಿಗಳಲ್ಲಿ ಆನ್‌ಬೋರ್ಡ್ ಚಾರ್ಜರ್ ಮತ್ತೆ 12 ವೋಲ್ಟ್ ಚಾರ್ಜ್ ಮಾಡೋ ಕನ್ವರ್ಟರ್ ಎರಡನ್ನೂ ಸೇರಿಸಿ ಒಂದೇ ಡಬ್ಬಿಯಲ್ಲಿಟ್ಟಿದಾರೆ, ಅದೇ ಐಸಿಸಿಯು. ಜಾಗ ಉಳಿಯುತ್ತೆ, ತೂಕ ಉಳಿಯುತ್ತೆ, ಆದ್ರೆ ಅದೊಂದು ಡಬ್ಬಿ ಕೈಕೊಟ್ರೆ ಎರಡೂ ಕೆಲಸ ಕೆಡಬಹುದು.

2023ರ ಜೂನ್‌ನಲ್ಲಿ ಅಮೆರಿಕಾದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ, ಹ್ಯುಂಡೈ ಅಯಾನಿಕ್ 5 ಓನರ್‌ಗಳಿಂದ ಬಂದ 30 ದೂರು ಇಟ್ಕೊಂಡು ತನಿಖೆ ಶುರು ಮಾಡ್ತು. ಬಹಳ ಜನ ಹೇಳಿದ್ದು ಒಂದೇ ಕಥೆ: ಗಾಡಿ ಓಡಿಸ್ತಾ ಇದ್ದಾಗ ಟಪ್ ಅಂತ ಜೋರು ಸದ್ದು, ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗು, ಆಮೇಲೆ ವೇಗ ಕಮ್ಮಿಯಾಗೋದು ಅಥವಾ ಗಾಡಿ ಪೂರ್ತಿ ನಿಂತೇ ಹೋಗೋದು. 2024ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ಹ್ಯುಂಡೈ, ಕಿಯಾ ಸೇರಿ ಸುಮಾರು 1,70,000 ಗಾಡಿಗೆ ರೀಕಾಲ್ ಆಯ್ತು, ಅಮೆರಿಕಾದಲ್ಲಿ ಹ್ಯುಂಡೈ ಮತ್ತೆ ಜೆನೆಸಿಸ್ 98,878 ಗಾಡಿ. ಭಾರತದಲ್ಲಿ 2024ರ ಜೂನ್‌ನಲ್ಲಿ 1,744 ಅಯಾನಿಕ್ 5, ಅದಾದ್ಮೇಲೆ ಜುಲೈಯಲ್ಲಿ 1,138 ಕಿಯಾ ಇವಿ6.

ಕಂಪನಿ ಕೊಟ್ಟ ಕಾರಣ ಏನಂದ್ರೆ, ಕೆಲವು ಕ್ಷಣ ವೋಲ್ಟೇಜ್ ಏಕಾಏಕಿ ಮೇಲೆ ಜಿಗಿಯೋದು, ಜೊತೆಗೆ ಕಾಯೋದು ತಣಿಯೋದು ಮತ್ತೆ ಮತ್ತೆ ಆಗಿ ಐಸಿಸಿಯು ಒಳಗಿನ ಭಾಗಕ್ಕೆ ಪೆಟ್ಟು ಬೀಳೋದು. ಪೆಟ್ಟು ಬಿದ್ಮೇಲೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಆಗಲ್ಲ. ರಿಪೇರಿ ಅಂದ್ರೆ ಸಾಫ್ಟ್‌ವೇರ್ ಅಪ್ಡೇಟ್, ಚೆಕ್ ಮಾಡ್ದಾಗ ಹಾಳಾಗಿದೆ ಅಂತ ಕಂಡ್ರೆ ಐಸಿಸಿಯು ಮತ್ತೆ ಅದರ ಫ್ಯೂಸು ಬದಲಾಯ್ಸೋದು. ಅಷ್ಟಕ್ಕೇ ಮುಗೀಲಿಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕಾದಲ್ಲಿ ಮತ್ತೆ ರೀಕಾಲ್, ಈ ಸಲ 1,45,235 ಗಾಡಿ, ಮೊದಲೇ ರಿಪೇರಿ ಮಾಡಿಸ್ಕೊಂಡವ್ರೂ ಮತ್ತೆ ಬರ್ಬೇಕು ಅಂತ. ಅದರ ಹಿಂದೇನೇ ಕಿಯಾ ಇವಿ6 62,872 ಗಾಡಿ. ಭಾರತದಲ್ಲೂ 2025ರ ಫೆಬ್ರವರಿಲಿ 1,380 ಇವಿ6ಗೆ ಇನ್ನೊಂದು ಸಾಫ್ಟ್‌ವೇರ್ ಅಪ್ಡೇಟ್‌ಗೆ ಕರೆದ್ರು.

ಅಷ್ಟು ದೊಡ್ಡ ಬ್ಯಾಟರಿ ತುಂಬಿರುವಾಗ 12 ವೋಲ್ಟ್ ಚಿಕ್ಕ ಬ್ಯಾಟರಿ ಖಾಲಿಯಾದ್ರೆ ಗಾಡಿ ಯಾಕೆ ನಿಲ್ಬೇಕು?

ಗಾಡಿಯ ಕಂಪ್ಯೂಟರುಗಳು, ಲೈಟು, ಬಾಗಿಲ ಲಾಕು, ಡಿಸ್‌ಪ್ಲೇ, ಎಲ್ಲಕ್ಕಿಂತ ಮುಖ್ಯವಾಗಿ ಆಗ್ಲೇ ಹೇಳಿದ ಕಾಂಟ್ಯಾಕ್ಟರ್‌ಗಳು, ಇವೆಲ್ಲ ನಡೆಯೋದು 12 ವೋಲ್ಟ್‌ನಲ್ಲಿ. ಅದು ಹೋದ್ರೆ ಕಾಂಟ್ಯಾಕ್ಟರ್ ಬಿಟ್ಕೊಳ್ಳುತ್ತೆ, ದೊಡ್ಡ ಬ್ಯಾಟರಿಗೂ ಮೋಟರ್‌ಗೂ ಸಂಬಂಧ ಕಡಿದು ಹೋಗುತ್ತೆ. ಬ್ಯಾಟರಿ 90 ಪರ್ಸೆಂಟ್ ತೋರಿಸ್ತಾ ಇದ್ರೂ ಗಾಡಿ ಒಂದಿಂಚೂ ಮುಂದೆ ಹೋಗಲ್ಲ.

ಓಡಿಸ್ತಾ ಇರುವಾಗ ಪವರ್ ವಾರ್ನಿಂಗ್ ಬಂದ್ರೆ ಏನ್ ಮಾಡ್ಬೇಕು?

ಮನೆ ಹತ್ರಾನೇ ಇದೆ, ಹೆಂಗೋ ತಲುಪ್ತೀನಿ ಅಂತ ಓಡಿಸ್ಬೇಡಿ, ಇದನ್ನ ಕೈಮುಗಿದು ಹೇಳ್ತೀನಿ. ಚಾರ್ಜಿಂಗ್ ನಿಂತ ಮೇಲೆ 12 ವೋಲ್ಟ್ ಬ್ಯಾಟರಿಯಲ್ಲಿ ಉಳಿದಿರೋದೇ ನಿಮಗಿರೋ ಟೈಮು, ಅದನ್ನ ಸೇಫಾಗಿ ನಿಲ್ಲಿಸೋಕೆ ಬಳಸಿ. ಹಜಾರ್ಡ್ ಲೈಟ್ ಹಾಕಿ, ನಿಧಾನವಾಗಿ ಎಡ ಬಲ ನೋಡ್ಕೊಂಡು ರಸ್ತೆ ಪಕ್ಕಕ್ಕೆ ಬನ್ನಿ, ಫ್ಲೈಓವರ್ ಮೇಲೆ ಅಥವಾ ಟನಲ್ ಒಳಗೆ ಇದ್ರೆ ಆದಷ್ಟು ಅದನ್ನ ದಾಟಿ ನಿಲ್ಸೋಕೆ ನೋಡಿ. ಎಸಿ, ಸೀಟ್ ಹೀಟರ್, ಮ್ಯೂಸಿಕ್ ಆಫ್ ಮಾಡಿ. ನಿಲ್ಸಿದ್ಮೇಲೆ ಸುಮ್ಮಸುಮ್ನೆ ಆಫ್ ಮಾಡಿ ಆನ್ ಮಾಡ್ತಾ ಕೂರ್ಬೇಡಿ, ಒಂದ್ಸಲ ಆಫ್ ಆದ್ರೆ ಮತ್ತೆ ಆನ್ ಆಗದೇ ಇರ್ಬಹುದು, ಗೇರ್ ಕೂಡ ನ್ಯೂಟ್ರಲ್‌ಗೆ ಬರದೆ ಟೋಯಿಂಗ್‌ನವ್ರಿಗೂ ಕಷ್ಟ ಆಗುತ್ತೆ. ಸ್ಕ್ರೀನ್ ಮೇಲಿರೋ ವಾರ್ನಿಂಗ್‌ದು ಫೋನಲ್ಲಿ ಒಂದು ಫೋಟೋ ತೆಗೀರಿ, ಆಮೇಲೆ ಅದು ಮಾಯ ಆಗ್ಬಿಡುತ್ತೆ, ಸರ್ವಿಸ್‌ನವ್ರ ಮುಂದೆ ಅದೊಂದೇ ಸಾಕ್ಷಿ. ಟೋ ಮಾಡೋವಾಗ ನಾಲ್ಕೂ ಚಕ್ರ ನೆಲದಿಂದ ಮೇಲಿರ್ಬೇಕು, ಫ್ಲಾಟ್‌ಬೆಡ್ ಕೇಳಿ. ಚಕ್ರ ತಿರುಗಿದ್ರೆ ಮೋಟರ್ ತಿರುಗುತ್ತೆ, ಮೋಟರ್ ತಿರುಗಿದ್ರೆ ಅದೇ ಕರೆಂಟ್ ಹುಟ್ಸುತ್ತೆ, ಕೆಟ್ಟಿರೋ ಸಿಸ್ಟಮ್‌ಗೆ ಅದು ಇನ್ನೊಂದು ಪೆಟ್ಟು.

ಬೆಂಕಿ ವಿಷಯಾನೇ ಎಲ್ಲ ಕಡೆ ಮಾತಾಡ್ತಾರೆ, ಆದ್ರೆ ಹೈವೇಲಿ ನೂರರ ಸ್ಪೀಡಲ್ಲಿ ಹಿಂದೆ ಲಾರಿ ಬರ್ತಾ ಇರುವಾಗ ಗಾಡಿ ಶಕ್ತಿ ಕಳ್ಕೊಳ್ಳೋದು ಏನೂ ಸಣ್ಣ ಅಪಾಯ ಅಲ್ಲ, ನನ್ನ ಪ್ರಕಾರ ಇದಕ್ಕೆ ಸಿಗ್ಬೇಕಾದಷ್ಟು ಗಮನ ಸಿಕ್ಕಿಲ್ಲ.

ಬೆಂಕಿ ಭಯ ಇದ್ದ ರೀಕಾಲ್‌ಗಳಲ್ಲಿ ತಪ್ಪು ಎಲ್ಲಾಗಿತ್ತು?

ಎರಡು ದೊಡ್ಡ ಉದಾಹರಣೆ ಇದೆ, ಎರಡರಲ್ಲೂ ಸೆಲ್ ಮಾಡಿದ್ದು ಎಲ್‌ಜಿ. ಒಂದು ಶೆವ್ರೊಲೆ ಬೋಲ್ಟ್, ಇನ್ನೊಂದು ಹ್ಯುಂಡೈ ಕೋನಾ ಎಲೆಕ್ಟ್ರಿಕ್. ಲಿಥಿಯಂ ಸೆಲ್ ಒಳಗೆ ಆನೋಡು, ಕ್ಯಾಥೋಡು ಅನ್ನೋ ಎರಡು ಎಲೆಕ್ಟ್ರೋಡುಗಳು ಪದರ ಪದರವಾಗಿರ್ತವೆ, ಒಂದಕ್ಕೊಂದು ತಾಗದ ಹಾಗೆ ನಡುವೆ ತೆಳ್ಳನೆ ಸೆಪರೇಟರ್ ಹಾಳೆ ಇರುತ್ತೆ. ಬೋಲ್ಟ್‌ನ ಕೆಲವು ಸೆಲ್‌ಗಳಲ್ಲಿ ಆನೋಡಿನ ಟ್ಯಾಬ್ ಹರಿದಿತ್ತು, ಜೊತೆಗೆ ಸೆಪರೇಟರ್ ಮಡಚ್ಕೊಂಡಿತ್ತು, ಎರಡೂ ಒಂದೇ ಸೆಲ್‌ನಲ್ಲಿ ಸೇರ್ಕೊಂಡಾಗ ಒಳಗೇ ಶಾರ್ಟ್ ಆಗೋ ಸಾಧ್ಯತೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಗಾಡಿ ವರ್ಷಗಟ್ಟಲೆ ಚೆನ್ನಾಗೇ ಓಡಿರುತ್ತೆ, ಆಮೇಲೊಂದಿನ ಪಾರ್ಕ್ ಮಾಡಿರುವಾಗ ಹೊಗೆ.

ಬೋಲ್ಟ್ ರೀಕಾಲ್ 2020ರ ನವೆಂಬರ್‌ನಲ್ಲಿ ಸುಮಾರು 68 ಸಾವಿರ ಗಾಡಿಯಿಂದ ಶುರುವಾಗಿ, 2021ರ ಆಗಸ್ಟ್ ಹೊತ್ತಿಗೆ ಆವರೆಗೆ ತಯಾರಾಗಿದ್ದ ಎಲ್ಲಾ ಬೋಲ್ಟ್‌ಗಳಿಗೂ ಹಬ್ಬಿ, ಒಟ್ಟು 1,42,000 ಹತ್ರ ಹೋಯ್ತು. ಖರ್ಚಿನಲ್ಲಿ 190 ಕೋಟಿ ಡಾಲರ್ ತನಕ ಎಲ್‌ಜಿ ತುಂಬಿಕೊಡೋದು ಅಂತ ಒಪ್ಪಂದ ಆಯ್ತು. ಕೋನಾ ವಿಷಯದಲ್ಲಿ 2021ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಸುಮಾರು 82 ಸಾವಿರ ಗಾಡಿಗಳ ಬ್ಯಾಟರಿ ಬದಲಾಯ್ಸೋದು ಅಂತ ತೀರ್ಮಾನ ಆಯ್ತು, ಅದರಲ್ಲಿ ಕೋನಾ ಜೊತೆ ಅಯಾನಿಕ್ ಕಾರು, ಬಸ್ಸೂ ಇದ್ವು. ಅದಕ್ಕೂ ಮುಂಚೆ 2020ರ ಡಿಸೆಂಬರ್‌ನಲ್ಲಿ ಭಾರತದಲ್ಲಿ 456 ಕೋನಾಗಳನ್ನ ಚೆಕ್ ಮಾಡೋಕೆ ಕರೆದಿದ್ರು.

80 ಪರ್ಸೆಂಟ್, 90 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜ್ ಮಾಡ್ಬೇಡಿ ಅಂತಾರಲ್ಲ, ಅದನ್ನ ಪಾಲಿಸ್ಲೇಬೇಕಾ?

ಹೌದು, ಹೌದು. ಸೆಲ್ ಫುಲ್ ಆಗಿದ್ದಷ್ಟೂ ಒಳಗೆ ಶಕ್ತಿ ಜಾಸ್ತಿ, ಶಾರ್ಟ್ ಆದ್ರೆ ಬಿಸಿನೂ ಜಾಸ್ತಿ, ಬೆಂಕಿ ಪಕ್ಕದ ಸೆಲ್‌ಗೆ ಹರಡೋದೂ ಸುಲಭ. ಫುಲ್ ಮಾಡೋದು ಪೂರ್ತಿ ಇಳಿಸೋದು ಮಾಡ್ದಾಗ ಎಲೆಕ್ಟ್ರೋಡು ಉಬ್ಬಿ ಕುಗ್ಗಿ, ಆಗ್ಲೇ ದೋಷ ಇರೋ ಜಾಗಕ್ಕೆ ಒತ್ತಡ ಬೀಳುತ್ತೆ. ಅದಕ್ಕೇ ಬೋಲ್ಟ್ ಓನರ್‌ಗಳಿಗೆ 90 ಪರ್ಸೆಂಟ್ ದಾಟ್ಬೇಡಿ ಅನ್ನೋದರ ಜೊತೆಗೆ ರೇಂಜ್ 70 ಮೈಲಿ, ಅಂದ್ರೆ ಸುಮಾರು 113 ಕಿಲೋಮೀಟರ್‌ಗಿಂತ ಕೆಳಗೆ ಇಳಿಸ್ಬೇಡಿ ಅಂತಾನೂ ಹೇಳಿದ್ರು, ಚಾರ್ಜ್ ಆದ ತಕ್ಷಣ ಹೊರಗೆ ನಿಲ್ಸಿ, ರಾತ್ರಿಯಿಡೀ ಮನೆಯೊಳಗೆ ಚಾರ್ಜ್‌ಗೆ ಹಾಕಿಡ್ಬೇಡಿ ಅಂತಾನೂ ಇತ್ತು.

ಕೆಲವರಿಗೆ ಇದು ಕಂಪನಿ ತನ್ನ ತಲೆ ತಪ್ಪಿಸ್ಕೊಳ್ಳೋಕೆ ಹೇಳೋ ಮಾತು ಅನ್ಸುತ್ತೆ. ಅನ್ಸಲಿ, ಆದ್ರೂ ಪಾಲಿಸಿ. ಬೇಸ್‌ಮೆಂಟಲ್ಲಿ ನಿಮ್ಮ ಗಾಡಿ ಒಂದೇ ಇರಲ್ಲ, ಮೇಲೆ ಮಲಗಿರೋರು ನಿಮ್ಮ ಮನೆಯವ್ರಷ್ಟೇ ಅಲ್ಲ. ಹೊರಗೆ ನಿಲ್ಸಿ ಅಂತ ರೀಕಾಲ್ ನೋಟಿಸಲ್ಲಿ ಬರೆದಿದ್ರೆ ಕಟ್ಟಡ ನೋಡ್ಕೊಳ್ಳೋರಿಗೆ ಹೇಳಿ ಬಯಲಲ್ಲಿ ಜಾಗ ಕೇಳಿ.

ಫಾಸ್ಟ್ ಚಾರ್ಜಿಂಗ್ ಮಾಡ್ಬಹುದಾ?

ನೋಟಿಸಲ್ಲಿ ಬೇಡ ಅಂದಿದ್ರೆ ಬೇಡ. 2024ರ ಅಕ್ಟೋಬರ್‌ನಲ್ಲಿ ನಿಸ್ಸಾನ್ ಕಂಪನಿ 2019, 2020ರ ಮಾಡೆಲ್ ಲೀಫ್ 23,887 ಗಾಡಿಗೆ ಇದನ್ನೇ ಹೇಳ್ತು: ಬ್ಯಾಟರಿ ಒಳಗೆ ಲಿಥಿಯಂ ಪದರ ಕಟ್ಕೊಂಡು ರೆಸಿಸ್ಟೆನ್ಸ್ ಜಾಸ್ತಿಯಾಗಿ, ಡಿಸಿ ಫಾಸ್ಟ್ ಚಾರ್ಜಿಂಗ್‌ನಲ್ಲಿ ವಿಪರೀತ ಬಿಸಿಯಾಗ್ಬಹುದು, ರಿಪೇರಿ ಆಗೋ ತನಕ ಫಾಸ್ಟ್ ಚಾರ್ಜರ್ ಬಳಸ್ಬೇಡಿ ಅಂತ. ಮನೆಯ ನಿಧಾನ ಚಾರ್ಜಿಂಗ್‌ಗೆ ಆ ನಿಷೇಧ ಇರ್ಲಿಲ್ಲ. ಅಂದ್ರೆ ಒಂದೊಂದು ರೀಕಾಲ್‌ಗೂ ನಿಯಮ ಬೇರೆ ಬೇರೆ, ಪಕ್ಕದ ಮನೆಯವ್ರ ಗಾಡಿಗೆ ಹೇಳಿದ್ದನ್ನ ನಿಮ್ಮ ಗಾಡಿಗೆ ಅನ್ವಯ ಮಾಡ್ಕೊಳ್ಬೇಡಿ.

ಸಾಫ್ಟ್‌ವೇರ್ ಅಪ್ಡೇಟ್ ಅಷ್ಟೇ ಮಾಡಿ ಕಳಿಸಿದ್ರು, ಇಷ್ಟು ಸಾಕಾ?

ಈ ಪುಟ ಬರೆಯೋಕೆ ಮುಖ್ಯ ಕಾರಣಾನೇ ಈ ಪ್ರಶ್ನೆ. ಸಾಫ್ಟ್‌ವೇರ್‌ನಿಂದ ನಿಜವಾಗಿ ಸರಿಹೋಗೋ ತೊಂದರೆಗಳಿವೆ. ಬಿಎಂಎಸ್ ಲೆಕ್ಕ ತಪ್ಪಾಗಿದ್ರೆ, ವಾರ್ನಿಂಗ್ ತಡವಾಗಿ ಬರ್ತಿದ್ರೆ, ಕರೆಂಟ್ ಮಿತಿ ಜಾಸ್ತಿ ಇಟ್ಟಿದ್ರೆ ಅಪ್ಡೇಟ್ ಹಾಕಿದ್ರೆ ಮುಗೀತು. ಆದ್ರೆ ದೋಷ ಇರೋದು ಲೋಹದಲ್ಲಿ, ಸೆಲ್‌ನ ಪದರದಲ್ಲಿ, ಚಿಪ್‌ನಲ್ಲಿ ಅಂದ್ರೆ ಸಾಫ್ಟ್‌ವೇರು ಅದನ್ನ ರಿಪೇರಿ ಮಾಡಲ್ಲ, ಅದರ ಮೇಲೆ ಬೀಳೋ ಹೊರೆ ಕಮ್ಮಿ ಮಾಡುತ್ತೆ ಅಥವಾ ಕೆಡೋ ಸೂಚನೆಯನ್ನ ಮುಂಚೆ ಹಿಡಿಯುತ್ತೆ, ಅಷ್ಟೇ.

ಹಿಂದೆ ಏನಾಯ್ತು ನೋಡಿ. ಕೋನಾಗೆ ಮೊದಲು ಬಿಎಂಎಸ್ ಅಪ್ಡೇಟ್ ಕೊಟ್ರು, ಅಪ್ಡೇಟ್ ಆದ ಒಂದು ಗಾಡೀನೇ 2021ರ ಜನವರಿಯಲ್ಲಿ ಕೊರಿಯಾದ ಡೇಗು ಊರಲ್ಲಿ ಬೆಂಕಿ ಹಿಡೀತು, ಮುಂದಿನ ತಿಂಗಳು ಬ್ಯಾಟರಿ ಬದಲಾಯ್ಸೋ ತೀರ್ಮಾನ ಬಂತು. ಬೋಲ್ಟ್‌ಗೂ ಮೊದಲ ಪರಿಹಾರ ಸಾಫ್ಟ್‌ವೇರೇ, ರಿಪೇರಿ ಆದ ಎರಡು ಗಾಡಿ ಹತ್ಕೊಂಡ್ಮೇಲೆ 2021ರ ಜುಲೈಯಲ್ಲಿ ಮತ್ತೆ ರೀಕಾಲ್ ಮಾಡಿದ್ರು. ಫೋರ್ಡ್ ಮಸ್ಟಾಂಗ್ ಮ್ಯಾಕ್-ಇ ಕಥೆನೂ ಹಾಗೇ: ಫಾಸ್ಟ್ ಚಾರ್ಜಿಂಗ್ ಮಾಡ್ದಾಗ, ಆಕ್ಸಿಲರೇಟರ್ ಪದೇ ಪದೇ ಪೂರ್ತಿ ಒತ್ತಿದಾಗ ಕಾಂಟ್ಯಾಕ್ಟರ್ ಕಾದು ಅಂಟ್ಕೊಳ್ಳೋದು ಅಥವಾ ತೆರ್ಕೊಳ್ಳೋದು ಆಗ್ತಿತ್ತು. 2022ರ ಜೂನ್‌ನಲ್ಲಿ 48,924 ಗಾಡಿಗೆ ರೀಕಾಲ್ ಮಾಡಿ ಬಿಸಿ ಅಳೆದು ಪವರ್ ಕಮ್ಮಿ ಮಾಡೋ ಸಾಫ್ಟ್‌ವೇರ್ ಹಾಕಿದ್ರು, ಅಪ್ಡೇಟ್ ಆದ ಗಾಡಿಗಳಲ್ಲೂ ದೂರು ಬಂತು, 2023ರ ಅಕ್ಟೋಬರ್‌ನಲ್ಲಿ 34,762 ಗಾಡಿಯನ್ನ ಮತ್ತೆ ಕರೆದು ಈ ಸಲ ಕಾಂಟ್ಯಾಕ್ಟರ್ ಇರೋ ಜಂಕ್ಷನ್ ಬಾಕ್ಸನ್ನೇ ಬದಲಾಯ್ಸೋದು ಅಂತಾಯ್ತು. ಐಸಿಸಿಯುದಂತೂ ಮೇಲೆ ಹೇಳಿದೀನಿ.

ಹಾಗಾಗಿ ಅಪ್ಡೇಟ್ ಹಾಕಿಸ್ಕೊಳ್ಳಿ, ಖಂಡಿತ ಹಾಕಿಸ್ಕೊಳ್ಳಿ, ಬೇಡ ಅಂತ ಯಾವ ಕಾರಣಕ್ಕೂ ಹೇಳ್ತಿಲ್ಲ. ಆದ್ರೆ ಅಲ್ಲಿಗೆ ಫೈಲ್ ಮುಚ್ಬೇಡಿ. ಅಪ್ಡೇಟ್ ಆದ್ಮೇಲೆ ಚಾರ್ಜಿಂಗ್ ಸ್ಪೀಡು ಕಮ್ಮಿ ಆಯ್ತಾ, ಅರ್ಧಕ್ಕೆ ನಿಲ್ತಿದ್ಯಾ, ರೇಂಜ್ ಒಮ್ಮೆಲೇ ಇಳೀತಾ, 12 ವೋಲ್ಟ್ ಬ್ಯಾಟರಿ ಪದೇ ಪದೇ ಕೂರ್ತಿದ್ಯಾ ಅಂತ ಕೆಲವು ತಿಂಗಳು ಗಮನ ಇಡಿ, ಆರು ತಿಂಗಳಿಗೊಮ್ಮೆ ಚಾಸಿಸ್ ನಂಬರ್ ಹಾಕಿ ಹೊಸ ರೀಕಾಲ್ ಇದ್ಯಾ ನೋಡಿ. ಸರ್ವಿಸ್ ಸೆಂಟರ್‌ನಲ್ಲಿ ಕೇಳ್ಬೇಕಾದ ಪ್ರಶ್ನೆನೂ ಒಂದಿದೆ: ಪಾರ್ಟನ್ನ ಟೆಸ್ಟ್ ಮಾಡಿದ್ರಾ ಅಥವಾ ಬರೀ ಸಾಫ್ಟ್‌ವೇರ್ ಹಾಕಿದ್ರಾ? ಉತ್ತರ ಏನೇ ಬರ್ಲಿ, ಅದನ್ನ ಜಾಬ್ ಕಾರ್ಡಲ್ಲಿ ಬರೆಸಿ ತಗೊಳ್ಳಿ.

ಮನೇಲೇ ವೈಫೈಯಲ್ಲಿ ಅಪ್ಡೇಟ್ ಬಂದ್ರೆ ಅದೂ ರೀಕಾಲಾ?

ಹೌದು, ಸೇಫ್ಟಿ ದೋಷ ಸರಿಮಾಡೋಕೆ ಬಂದಿದ್ರೆ ಕಾನೂನಿನ ಲೆಕ್ಕದಲ್ಲಿ ಅದೂ ರೀಕಾಲೇ. ಆದ್ರೆ ಎಲ್ಲಾನೂ ಹಾಗೆ ಗಾಳೀಲಿ ಬರಲ್ಲ. 2024ರ ನವೆಂಬರ್‌ನಲ್ಲಿ ಟೆಸ್ಲಾ ಸೈಬರ್‌ಟ್ರಕ್ 2,431 ಗಾಡಿಗೆ ಇನ್ವರ್ಟರ್ ಒಳಗಿನ ಮಾಸ್‌ಫೆಟ್ ಅನ್ನೋ ಪಾರ್ಟ್ ಕೈಕೊಟ್ಟು ಚಕ್ರಕ್ಕೆ ಶಕ್ತಿ ಹೋಗದೆ ಇರ್ಬಹುದು ಅಂತ ರೀಕಾಲ್ ಆದಾಗ, ಅಪ್ಡೇಟ್‌ಗೆ ಹೆಸರಾದ ಆ ಕಂಪನೀನೂ ಇನ್ವರ್ಟರನ್ನೇ ಬದಲಾಯ್ಸಿಕೊಡ್ಬೇಕಾಯ್ತು.

ನನ್ನ ಗಾಡಿ ಲಿಸ್ಟ್‌ನಲ್ಲಿದೆಯೋ ಇಲ್ವೋ ಹೆಂಗೆ ತಿಳ್ಕೊಳ್ಳೋದು?

ಮಾಡೆಲ್ ಹೆಸರು ನೋಡಿ ತೀರ್ಮಾನ ಮಾಡ್ಬೇಡಿ. ಒಂದೇ ಮಾಡೆಲ್ಲು, ಒಂದೇ ಬಣ್ಣ, ಒಂದೇ ತಿಂಗಳು ಡೆಲಿವರಿ ಆದ ಎರಡು ಗಾಡಿಗಳಲ್ಲಿ ಒಂದು ಲಿಸ್ಟ್‌ನಲ್ಲಿದ್ದು ಇನ್ನೊಂದು ಇಲ್ದೆ ಇರ್ಬಹುದು, ಯಾಕಂದ್ರೆ ಲೆಕ್ಕಕ್ಕೆ ಬರೋದು ತಯಾರಾದ ತಾರೀಕು, ಡೆಲಿವರಿ ತಾರೀಕಲ್ಲ. ಚಾಸಿಸ್ ನಂಬರ್ ಬೇಕು, 17 ಅಕ್ಷರ ಅಂಕಿಗಳದ್ದು, ಆರ್‌ಸಿಯಲ್ಲಿ, ಇನ್ಶೂರೆನ್ಸ್ ಪೇಪರಲ್ಲಿ, ಎಷ್ಟೋ ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲೂ ಇರುತ್ತೆ. ಕಂಪನಿಯ ವೆಬ್‌ಸೈಟಲ್ಲಿ ಅದನ್ನ ಹಾಕಿ ನೋಡ್ಬಹುದು, ಅಮೆರಿಕಾದಲ್ಲಾದ್ರೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ, ಭಾರತದಲ್ಲಾದ್ರೆ ವಾಹನ ತಯಾರಕರ ಒಕ್ಕೂಟ ಸಿಯಾಮ್ ತನ್ನ ಸೈಟಲ್ಲಿ ಸ್ವಯಂಪ್ರೇರಿತ ರೀಕಾಲ್‌ಗಳ ಮಾಹಿತಿ ಇಟ್ಟಿದೆ. ಪತ್ರ ಬರುತ್ತೆ ಅಂತ ಕಾಯ್ಬೇಡಿ. ಮನೆ ಬದಲಾಯ್ಸಿರ್ತೀರಿ, ಫೋನ್ ನಂಬರ್ ಬದಲಾಗಿರುತ್ತೆ, ಗಾಡಿ ಕೈ ಬದಲಾಗಿರುತ್ತೆ, ಪತ್ರ ಹಳೇ ಓನರ್ ಮನೆಗೆ ಹೋಗಿ ಬಿದ್ದಿರುತ್ತೆ.

ದುಡ್ಡು ಕೊಡ್ಬೇಕಾ? ವಾರಂಟಿ ಮುಗಿದಿದೆ.

ರೀಕಾಲ್ ಕೆಲಸಕ್ಕೂ ವಾರಂಟಿಗೂ ಸಂಬಂಧ ಇಲ್ಲ. ನೀವು ಎರಡನೇ ಓನರ್ ಆಗಿದ್ರೂ, ಸರ್ವಿಸ್ ಹೊರಗೆ ಮಾಡಿಸಿದ್ರೂ ಫ್ರೀನೇ. ಅಮೆರಿಕಾದಲ್ಲಿ ಮೊದಲ ಸೇಲ್ ಆದ ದಿನದಿಂದ 15 ವರ್ಷದ ತನಕ ಫ್ರೀ ಮಾಡ್ಲೇಬೇಕು ಅಂತ ಕಾನೂನಿದೆ. ರೀಕಾಲ್ ಘೋಷಣೆಗೆ ಮುಂಚೆನೇ ಅದೇ ಪಾರ್ಟ್‌ಗೆ ನೀವು ಕೈಯಿಂದ ಖರ್ಚು ಮಾಡಿದ್ರೆ ಬಿಲ್ ಹುಡುಕಿ ಇಟ್ಕೊಂಡು ರೀಫಂಡ್ ಕೇಳಿ, ಬಹಳಷ್ಟು ರೀಕಾಲ್‌ಗಳಲ್ಲಿ ಅದಕ್ಕೆ ಅವಕಾಶ ಇರುತ್ತೆ, ಕೇಳದೆ ಇದ್ರೆ ಯಾರೂ ತಾವಾಗೇ ಬಂದು ಕೊಡಲ್ಲ.

ಪಾರ್ಟ್ ಬಂದಿಲ್ಲ, ಎರಡು ತಿಂಗಳು ಕಾಯಿರಿ ಅಂತಾರೆ. ಅಲ್ಲೀವರೆಗೆ ಓಡಿಸ್ಬಹುದಾ?

ಮೂರು ವಿಷಯ ಬರಹದಲ್ಲಿ ಕೇಳಿ: ಓಡಿಸ್ಬಹುದಾ, ಎಷ್ಟರ ತನಕ ಚಾರ್ಜ್ ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು. ಫೋನಲ್ಲಿ ಹೇಳಿದ್ದು ನಿಲ್ಲಲ್ಲ, ಮೇಲ್ ಅಥವಾ ಮೆಸೇಜ್ ಬೇಕು. ಓಡಿಸ್ಬೇಡಿ ಅಂದ್ರೆ ಬದಲಿ ಗಾಡಿ ಕೇಳೋದು ನಿಮ್ಮ ಹಕ್ಕು ಅನ್ನೋ ಥರಾನೇ ಕೇಳಿ, ಸಂಕೋಚ ಬೇಡ, ಎಲ್ಲರಿಗೂ ಸಿಗುತ್ತೆ ಅಂತಲ್ಲ ಆದ್ರೆ ಕೇಳಿದವ್ರಿಗೆ ಸಿಕ್ಕಿರೋದುಂಟು.

ಕೇಬಲ್ಲು, ಅಡಾಪ್ಟರ್, ಮನೆ ಚಾರ್ಜರ್‌ಗೂ ರೀಕಾಲ್ ಇರುತ್ತಾ?

ಇರುತ್ತೆ. 2014ರಲ್ಲಿ ಟೆಸ್ಲಾ ಮಾಡೆಲ್ ಎಸ್ 29,222 ಗಾಡಿಗಳ ಚಾರ್ಜಿಂಗ್ ಅಡಾಪ್ಟರ್ ಕಾಯ್ತಿದೆ ಅಂತ ರೀಕಾಲ್ ಆಗಿತ್ತು, ಕರೆಂಟು ಏರುಪೇರಾದ್ರೆ ತಾನೇ 25 ಪರ್ಸೆಂಟ್ ಇಳಿಸೋ ಸಾಫ್ಟ್‌ವೇರ್ ಕಳಿಸಿ, ಜೊತೆಗೆ ಬೇರೆ ಅಡಾಪ್ಟರ್ ಕೊಟ್ರು. ಇಲ್ಲಿ ಬಿಸಿಯ ಲೆಕ್ಕ ಗೊತ್ತಿರ್ಬೇಕು: ಪಿನ್ ಸಡಿಲ ಆದ್ರೆ ಅಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಬಿಸಿ ಹುಟ್ಟೋದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಅಂದ್ರೆ 16 ಆಂಪ್ಸ್‌ನಿಂದ 32 ಆಂಪ್ಸ್‌ಗೆ ಹೋದ್ರೆ ಆ ಸಡಿಲ ಪಿನ್ ಹತ್ರ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು. ದೋಷ ಪ್ಲಗ್ಗಿನದಾ, ಗೋಡೆ ಸಾಕೆಟ್ಟಿನದಾ ಅಂತ ಹೊರಗಿಂದ ಹೇಳೋಕಾಗಲ್ಲ. ಚಾರ್ಜ್ ಆಗ್ತಿರುವಾಗ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಸುಟ್ರೆ ಚಾರ್ಜಿಂಗ್ ನಿಲ್ಸಿ. ಪ್ಲಗ್ ಕಂದು ಬಣ್ಣಕ್ಕೆ ತಿರುಗಿದ್ರೆ, ಸುಟ್ಟ ವಾಸನೆ ಬಂದ್ರೆ ಅವತ್ತಿಂದ ಅದನ್ನ ಬಳಸೋದು ಬಿಡಿ. ಎಕ್ಸ್‌ಟೆನ್ಶನ್ ಬೋರ್ಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಗಾಡಿ ರೀಕಾಲ್ ಹುಡುಕುವಾಗ ಚಾರ್ಜರ್ ಬೇರೆ ಕಂಪನಿದಾಗಿದ್ರೆ ಅದರ ಸೀರಿಯಲ್ ನಂಬರ್ ಇಟ್ಕೊಂಡು ಆ ಕಂಪನಿಯಲ್ಲೂ ಪ್ರತ್ಯೇಕವಾಗಿ ವಿಚಾರಿಸಿ, ಗಾಡಿಯ ಲಿಸ್ಟ್‌ನಲ್ಲಿ ಅದು ಬರಲ್ಲ.

ಸ್ಕೂಟರ್‌ಗಳ ಕಥೆ ಏನು?

2022ರ ಬೇಸಿಗೆಯಲ್ಲಿ ಭಾರತದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಒಂದರ ಹಿಂದೊಂದು ಬೆಂಕಿ ಹಿಡಿದಾಗ ಏಪ್ರಿಲ್ ತಿಂಗಳಲ್ಲಿ ಓಲಾ 1,441, ಒಕಿನಾವಾ 3,215, ಪ್ಯೂರ್ ಇವಿ 2,000 ಸ್ಕೂಟರ್‌ಗಳನ್ನ ಚೆಕ್ ಮಾಡೋಕೆ ವಾಪಸ್ ಕರೆದ್ವು. ಅದಾದ್ಮೇಲೆ ಸರ್ಕಾರ ಎಐಎಸ್ 156 ಅನ್ನೋ ಬ್ಯಾಟರಿ ಸುರಕ್ಷತಾ ನಿಯಮಾನ ಬಿಗಿ ಮಾಡ್ತು, ಒಂದು ಭಾಗ 2022ರ ಡಿಸೆಂಬರ್ 1ರಿಂದ, ಇನ್ನೊಂದು 2023ರ ಮಾರ್ಚ್ 31ರಿಂದ. ಸೆಲ್ಲು, ಬಿಎಂಎಸ್ಸು, ಆನ್‌ಬೋರ್ಡ್ ಚಾರ್ಜರು, ಒಂದು ಸೆಲ್ ಒಳಗೆ ಶಾರ್ಟ್ ಆದ್ರೆ ಬೆಂಕಿ ಹರಡೋದು, ಇದೆಲ್ಲದಕ್ಕೂ ಹೊಸ ಷರತ್ತು ಬಂತು. ಅದಕ್ಕಿಂತ ಮುಂಚಿನ ಸ್ಕೂಟರ್ ನಿಮ್ಮ ಹತ್ರ ಇದ್ರೆ ಚಾರ್ಜಿಂಗ್ ವಿಷಯದಲ್ಲಿ ಒಂದು ಕೈ ಜಾಸ್ತಿನೇ ಎಚ್ಚರ ಇರ್ಲಿ. ಬ್ಯಾಟರಿ ಬಿಚ್ಚಿ ಒಳಗೆ ತಗೊಂಡು ಹೋಗೋ ಥರದ್ದಾದ್ರೆ ಮಲಗೋ ಕೋಣೆಯಲ್ಲಿ, ಮನೆಯಿಂದ ಹೊರಗೆ ಹೋಗೋ ಬಾಗಿಲ ಹತ್ರ ಚಾರ್ಜ್‌ಗೆ ಹಾಕ್ಬೇಡಿ, ಹೊತ್ಕೊಂಡ್ರೆ ಆಚೆ ಓಡೋ ದಾರಿನೇ ಮುಚ್ಚಿಹೋಗುತ್ತೆ.

ಕಂಪನಿ ತಾನಾಗೇ ರೀಕಾಲ್ ಮಾಡ್ದೇ ಇದ್ರೆ? ನನ್ನ ಗಾಡಿಗೆ ಅದೇ ತೊಂದರೆ ಇದೆ, ಲಿಸ್ಟ್‌ನಲ್ಲಿ ಇಲ್ಲ.

ದೂರು ಕೊಡಿ, ಇದು ವ್ಯರ್ಥ ಅಂತ ದಯವಿಟ್ಟು ಅನ್ಕೋಬೇಡಿ. ಅಯಾನಿಕ್ 5 ತನಿಖೆ ಶುರುವಾಗಿದ್ದೇ ಬರೀ 30 ಜನ ಕೂತ್ಕೊಂಡು ದೂರು ಟೈಪ್ ಮಾಡಿದ್ದಕ್ಕೆ, ಅದು ಕೊನೆಗೆ ಲಕ್ಷಾಂತರ ಗಾಡಿ ರೀಕಾಲ್ ತನಕ ಹೋಯ್ತು. ಅಮೆರಿಕಾದಲ್ಲಿ ಸೇಫ್ಟಿ ದೋಷ ಇದೆ ಅಂತ ತೀರ್ಮಾನ ಆದ ಐದು ಕೆಲಸದ ದಿನದೊಳಗೆ ಕಂಪನಿ ಸರ್ಕಾರಕ್ಕೆ ತಿಳಿಸ್ಬೇಕು. ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಅನ್ನೋ ಸೆಕ್ಷನ್ ಬಂತು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಓನರ್‌ಗಳ ದೂರು ಒಂದು ಪ್ರಮಾಣ ದಾಟಿದ್ರೆ ಕೇಂದ್ರ ಸರ್ಕಾರ ಕಡ್ಡಾಯ ರೀಕಾಲ್‌ಗೆ ಆದೇಶ ಮಾಡ್ಬಹುದು, ಏಳು ವರ್ಷದೊಳಗಿನ ಗಾಡಿಗಳಿಗೆ ಇದು ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ. ದೂರು ಕೊಡುವಾಗ ಚಾಸಿಸ್ ನಂಬರ್, ಓಡಿದ ಕಿಲೋಮೀಟರ್, ಎಷ್ಟು ಚಾರ್ಜ್ ಇತ್ತು, ಚಾರ್ಜ್ ಆಗ್ತಿತ್ತಾ ಓಡ್ತಿತ್ತಾ, ಯಾವ ವಾರ್ನಿಂಗ್ ಬಂತು, ಇಷ್ಟನ್ನ ಬರೀರಿ. ಬೈದು ಬರೆದ ಉದ್ದ ಪತ್ರಕ್ಕಿಂತ ಇಂಥ ನಾಲ್ಕು ಸಾಲಿಂದ ತನಿಖೆಗೆ ಉಪಯೋಗ ಜಾಸ್ತಿ.

ರೀಕಾಲ್ ಆಗಿರೋ ಮಾಡೆಲ್‌ನ ಸೆಕೆಂಡ್‌ಹ್ಯಾಂಡ್ ತಗೊಳ್ಳೋದು ಸರೀನಾ?

ತಗೊಳ್ಬಹುದು, ಕೆಲವು ಸಲ ಲಾಭಾನೇ. ಬ್ಯಾಟರಿ ಬದಲಾಯ್ಸಿರೋ ಬೋಲ್ಟ್‌ಗಳಿಗೆ ಹೊಸ ಬ್ಯಾಟರಿ ಜೊತೆ 8 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಹೊಸದಾಗಿ ಸಿಕ್ತು, ಹಳೇ ಗಾಡೀಲಿ ಹೊಸ ಬ್ಯಾಟರಿ. ಆದ್ರೆ ಕೆಲಸ ಆಗಿದೆ ಅಂತ ಮಾರೋರು ಬಾಯಲ್ಲಿ ಹೇಳಿದ್ದನ್ನ ನಂಬ್ಬೇಡಿ. ಚಾಸಿಸ್ ನಂಬರ್ ತಗೊಂಡು ನೀವೇ ಚೆಕ್ ಮಾಡಿ, ಸರ್ವಿಸ್ ಸೆಂಟರ್‌ನ ಜಾಬ್ ಕಾರ್ಡ್ ತೋರಿಸಿ ಅನ್ನಿ, ಅದರಲ್ಲಿ ರೀಕಾಲ್ ಕೋಡ್, ತಾರೀಕು, ಬದಲಾಯ್ಸಿದ ಪಾರ್ಟ್ ನಂಬರ್ ಇರ್ಬೇಕು. ಒಂದೇ ದೋಷಕ್ಕೆ ಎರಡು ಸಲ ರೀಕಾಲ್ ಆಗಿದ್ರೆ ಎರಡನೇದರ ಪೇಪರೂ ಬೇಕು. ಆಮೇಲೆ ಒಂದ್ಸಲ ಎಸಿ ಚಾರ್ಜರ್‌ಗೆ, ಒಂದ್ಸಲ ಡಿಸಿ ಫಾಸ್ಟ್ ಚಾರ್ಜರ್‌ಗೆ ಹಾಕಿ ನೋಡಿ, ಎರಡೂ ಬೇರೆ ಬೇರೆ ದಾರಿ, ಒಂದು ಸರಿ ಇದ್ದು ಇನ್ನೊಂದು ಕೆಟ್ಟಿರ್ಬಹುದು. ಗಾಡಿ ನಿಮ್ಮ ಹೆಸರಿಗೆ ಆದ ವಾರದಲ್ಲೇ ಕಂಪನಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನಿಮ್ಮ ಅಡ್ರೆಸ್ಸು, ಫೋನ್ ನಂಬರ್ ಸೇರಿಸಿ ಹಳೇ ಓನರ್‌ದು ತೆಗೆಸಿ.